ನಾಲತವಾಡ: ಲಿಂಬೆಹಣ್ಣಿನ ಪಂಥ, ಮೊಬೈಲಿನ ಆಟ

ಮುದ್ದೇಬಿಹಾಳದಿಂದ ನಾರಾಯಣಪುರದ ಕಡೆಗೆ ಹೊರಟ ಬಸ್ಸು ಕರಿಮಣ್ಣಿನ ಹೊಲಗಳನ್ನು ದಾಟಿ ನಾಲತವಾಡಕ್ಕೆ ಬರುತ್ತದೆ. ತೊಗರಿ, ಜೋಳದ ಸೀಮೆ. ಶರಣ ವೀರೇಶ್ವರರ ಊರೆಂದು ಸುತ್ತಲೂ ಹೆಸರು. ಇದೇ ದಾರಿಯಲ್ಲಿ ಮುಂದೆ ಹೋದರೆ 1982ರಲ್ಲಿ ಪೂರ್ಣಗೊಂಡ, ಕೃಷ್ಣೆಯ ಬಸವಸಾಗರ ಅಣೆಕಟ್ಟು. ಅದನ್ನು ನೋಡಲು ಹೊರಟವರು ನಾಲತವಾಡದಲ್ಲಿ ಚಹಾ ಕುಡಿದು ಮುಂದೆ ಸಾಗುವುದೇ ಹೆಚ್ಚು. ಪಂಚಮಿಯ ದಿನಗಳಲ್ಲಿ ಬಂದವರು ಮಾತ್ರ ಈ ಸೀಮೆಯ ಊರುಗಳಲ್ಲಿ ಇಳಿದು ನೋಡಬೇಕು.

ಹೆಣ್ಣುಮಕ್ಕಳಿಗೆ ಜೋಕಾಲಿ, ಮಕ್ಕಳ ಕೈಯಲ್ಲಿ ದಾರ ಕಟ್ಟಿದ ಕೊಬ್ಬರಿ ಬಟ್ಟಲು, ಮನೆಮನೆಯಲ್ಲೂ ಉಂಡಿ. ಗಂಡಸರದು ಪಂಥ. ಇಷ್ಟೇ ಎಸೆತಕ್ಕೆ ಪಕ್ಕದೂರಿಗೆ ಲಿಂಬೆಹಣ್ಣು ಮುಟ್ಟಿಸಬೇಕು, ಕಣ್ಣು ಕಟ್ಟಿಕೊಂಡು ನಡೆಯಬೇಕು, ಭಾರದ ಚೀಲ ಹೊರಬೇಕು. (ಲಿಂಬೆಗೆ ಹೆಸರಾದ ಇಂಡಿ ಇದೇ ಜಿಲ್ಲೆಯದು, ಹಣ್ಣಿಗೆ ಬರವಿಲ್ಲ.) ಪಂಥದಲ್ಲಿ ಹಣವೂ ಓಡಾಡುತ್ತದೆ. 'ಹಿಂದಿನ ಆಟಗಳೆಲ್ಲ ಒಳ್ಳೆಯವು, ಈಗಿನವೆಲ್ಲ ಕೆಟ್ಟವು' ಎನ್ನುವ ಹಿರಿಯರು ಇದನ್ನು ಮರೆಯುತ್ತಾರೆ. ಇಸ್ಪೀಟಿನ ಮಾತನ್ನಂತೂ ಎತ್ತುವುದೇ ಬೇಡ.

ಹಬ್ಬ ಕಳೆದರೆ ಎಲ್ಲ ಊರುಗಳಂತೆ ಇಲ್ಲಿಯೂ ಹುಡುಗರ ಕೈಯಲ್ಲಿ ಮೊಬೈಲು. ಒಳಗಿನಿಂದ ತಾಯಿಯ ಕೂಗು:

"ಎಷ್ಟೊತ್ತಾತೋ, ರೊಟ್ಟಿ ಆರಾಕತ್ಯಾವ, ಬಾ ಊಟಕ್ಕ!"

"ನಡುವ ಬಿಡಾಕ ಬರಂಗಿಲ್ಲಬೇ, ಆಟ ನಡದೈತಿ."

ತಾಯಿಗೆ ಇದು ಉದ್ಧಟತನ. ಹುಡುಗ ಹೇಳಿದ್ದು ಮಾತ್ರ ನಿಜ. ಪಬ್‌ಜಿ ಬಗೆಯ ಆಟದಲ್ಲಿ ನೂರು ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಕೊನೆಗೆ ಉಳಿದವನೋ ಉಳಿದ ತಂಡವೋ ಗೆದ್ದ ಹಾಗೆ. ಒಂದು ಸುತ್ತಿಗೆ ಅರ್ಧ ಗಂಟೆ ಹಿಡಿಯುತ್ತದೆ. ನಡುವೆ ಎದ್ದರೆ ತಂಡದ ಗೆಳೆಯರನ್ನು ಕೈಬಿಟ್ಟಂತೆ. ಸುತ್ತು ಮುಗಿಯಿತೋ, ಬೆರಳ ತುದಿಯಲ್ಲೇ ಇನ್ನೊಂದು ಸಿದ್ಧ. ಲಿಂಬೆ ಎಸೆಯುವ ತೋಳಾದರೆ ಸೋಲುತ್ತದೆ, ಕತ್ತಲಾಗುತ್ತದೆ, ಕಟ್ಟೆಯ ಮೇಲಿನ ಹಿರಿಯರು ಗದರುತ್ತಾರೆ. ಮೊಬೈಲಿನ ಆಟಕ್ಕೆ ಸಂಜೆಯೇ ಇಲ್ಲ.

ಹಾಗಾದರೆ ನಿಷೇಧಿಸಿದರೆ ಮುಗಿಯಿತೇ? ಗುಜರಾತಿನ ರಾಜಕೋಟದಲ್ಲಿ 2019ರಲ್ಲಿ ಪಬ್‌ಜಿ ನಿಷೇಧಿಸಿ, ಆಡುತ್ತಿದ್ದ ವಿದ್ಯಾರ್ಥಿಗಳನ್ನು ಪೊಲೀಸರು ಬಂಧಿಸಿದ್ದೂ ಆಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವೇ ಅದನ್ನು ನಿಷೇಧಿಸಿತು. ಕೊಟ್ಟ ಕಾರಣ ದೇಶದ ಭದ್ರತೆ, ಮಕ್ಕಳ ಓದಲ್ಲ. ಮರುವರ್ಷ ಅದೇ ಆಟ ಬೇರೆ ಹೆಸರಿನಲ್ಲಿ ಬಂತು, 2022ರಲ್ಲಿ ಹೋಯಿತು, 2023ರಲ್ಲಿ ಮತ್ತೆ ಬಂತು. ಈ ಸಲ ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರೇ ಗಂಟೆ ಎಂಬ ಕಟ್ಟಳೆಯೊಂದಿಗೆ. ಆದರೆ ಹುಡುಗ ಅಪ್ಪನ ಹೆಸರಿನಲ್ಲಿ ಆಡಿದರೆ ಕಟ್ಟಳೆಗೇನು ಕೆಲಸ?

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳದು ಬೇರೆಯೇ ಕಥೆ. ಅವನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಲಿಂಬೆಹಣ್ಣಿನ ಪಂಥದಲ್ಲಿ ಸೋತವನನ್ನು ಊರೆಲ್ಲ ನೋಡುತ್ತದೆ. ಮೊಬೈಲಿನಲ್ಲಿ ಸೋತದ್ದು ಸಾಲದವನು ಬಾಗಿಲಿಗೆ ಬಂದಾಗಲೇ ಮನೆಯವರಿಗೆ ತಿಳಿಯುವುದು.

ಆಡುವ ಹುಡುಗರೆಲ್ಲ ರೋಗಿಗಳೆಂದು ವೈದ್ಯರೂ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು, ನಿಜ. ಆದರೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಕೇಡು ಕಂಡರೂ ಬಿಡಲಾಗದಿರಬೇಕು. ಅದೂ ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಎಂಬ ಚಿಕಿತ್ಸಾಲಯವಿದೆ. ಕೃಷ್ಣೆಯ ದಂಡೆಯವರಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ.

ಮೊದಲ ಚಿಕಿತ್ಸೆ ಅಡುಗೆಮನೆಯಲ್ಲೇ ನಡೆಯಬೇಕು. ಪರದೆಯ ಮೂಲೆಯಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೆಂಬ ಲೆಕ್ಕ ಇರುತ್ತದೆ. ಇದನ್ನು ತಿಳಿದುಕೊಂಡ ತಾಯಿ ಈಗ ಕೂಗುವುದೇ ಬೇರೆ ರೀತಿ.

"ಎಷ್ಟ ಮಂದಿ ಉಳದಾರೋ?"

"ಹನ್ನೆರಡ ಮಂದಿ ಅದಾರಬೇ."

ಆಕೆ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.