ಬಾಗಿಲ ಮೇಲಿನ ಹೆಸರು

ರಾಮದುರ್ಗದಲ್ಲಿ ನಮ್ಮ ಹಿರಿಯರದೊಂದು ಮನೆಯಿದೆ. ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಓಣಿಗೆ ನುಗ್ಗಿದಾಗ ಪಡಸಾಲೆಯ ಗೋಡೆ ಕುಸಿಯಿತು. ಬೀಗ ಹಾಕಿ, ಅವ್ವನನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಬಂದೆವು. ಬೀಗ ತುಕ್ಕು ಹಿಡಿಯಿತು. ಮಾರಿಬಿಡೋಣವೆಂದ ತಮ್ಮ, ನಾನೂ ಹೂಂಗುಟ್ಟಿದೆ. ಅವ್ವ ಮಾತ್ರ ಏನೂ ಅನ್ನಲಿಲ್ಲ.

ಬೆಲೆ ಕಟ್ಟಲೆಂದು ಕರೆದ ಮುದಿ ಗೌಂಡಿ ತೊಲೆಗಳನ್ನು ಬಡಿದು ನೋಡಿದ. “ಮಾಸ್ತರ, ತೊಲಿ ಗಟ್ಟಿ ಅದಾವ್ರೀ. ಕೆಡವೋದ್ಯಾಕ?” ಎಂದ. ಅವನೂ ಒಬ್ಬ ಬಡಿಗನೂ ಎರಡು ತಿಂಗಳು ದುಡಿದರು. ಬಿದ್ದ ಮಣ್ಣನ್ನೇ ಕಲಸಿ, ತುಳಿದು ಗೋಡೆ ಎಬ್ಬಿಸಿದರು. ಗೆದ್ದಲು ತಿಂದ ಜಂತಿಗಳನ್ನಷ್ಟೇ ಬದಲಿಸಿದರು. ಅವ್ವ ಮರಳಿ ಹೋಗಿ ಒಲೆ ಹೊತ್ತಿಸಿದಳು. ಮೊದಲ ರೊಟ್ಟಿ ಅವರಿಬ್ಬರಿಗೇ ಬಡಿಸಿದಳು.

1824ರ ಗೆಲುವಿನ ನೆನಪಿಗೆ ಪ್ರತಿ ಅಕ್ಟೋಬರಿನಲ್ಲೂ ಕಿತ್ತೂರಿನಲ್ಲಿ ಉತ್ಸವ ಮಾಡುತ್ತೇವೆ. ಹಾಳು ಅರಮನೆಯ ಮುಂದೆ ತಲೆಬಾಗುತ್ತೇವೆ. ಮಾಡಬೇಕಾದದ್ದೇ. ಆದರೆ ಮನೆಯೊಂದು ಹಾಳಾಗದಂತೆ ಉಳಿಸಿದವನಿಗೆ ಯಾರು ಹಾರ ಹಾಕಿದ್ದಾರೆ? ಸುಗಂಧವರ್ತಿಯೆನಿಸಿದ್ದ ಸವದತ್ತಿಯ ರಟ್ಟರನ್ನು ಕುರಿತು ಪಾಠ ಹೇಳುವಾಗ, ನಮ್ಮ ಹಲವು ಶಾಸನಗಳಲ್ಲಿ ದಾನಿಯ ಹೆಸರಿನೊಡನೆ ಕಲ್ಲು ಕಂಡರಿಸಿದವನ ಹೆಸರೂ ಉಂಟೆಂದು ಹುಡುಗರಿಗೆ ಹೇಳುತ್ತೇನೆ. ನಮ್ಮ ಬಾಗಿಲ ಮೇಲಿದ್ದದ್ದು ಅಜ್ಜನ ಹೆಸರೊಂದೇ. ಅದರ ಕೆಳಗೆ ಗೌಂಡಿಯದನ್ನೂ ಬಡಿಗನದನ್ನೂ ಕೊರೆಸಿದೆ.

ಗೌಂಡಿ ನೋಡಿ ನಾಚಿದ. “ಪಗಾರ ಕೊಟ್ಟೀರಲ್ರೀ, ಮತ್ತ ಇದ್ಯಾಕ?”

ಪಗಾರ ಕೊಟ್ಟದ್ದು ಗೋಡೆಗೆ. ಅವ್ವನ ಒಲೆ ಆ ಲೆಕ್ಕದಲ್ಲಿ ಇರಲಿಲ್ಲ.