ಕುದುರೆಯೇ ಮೇಷ್ಟ್ರು

ವಿಯೆನ್ನಾದ ಹಾಫ್‌ಬರ್ಗ್ ಅರಮನೆಯಲ್ಲಿ ಕುದುರೆಗಳಿಗೆಂದೇ ಕಟ್ಟಿಸಿದ ದರ್ಬಾರ್ ಹಾಲ್ ಒಂದಿದೆ. ಹೌದು, ಕುದುರೆಗಳಿಗೆ! 1735ರಲ್ಲಿ ಕಟ್ಟಿ ಮುಗಿಸಿದ್ದು. ಸುತ್ತ 46 ಕಂಬ, ಮೇಲೆ ಝಗಝಗಿಸುವ ತೂಗುದೀಪ, ಕೆಳಗೆ ಮರಳು. ಇಲ್ಲಿ ಕುದುರೆ ಪಳಗಿಸುವ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಸವಾರರು ಒಳಗೆ ಬಂದವರೇ ಟೋಪಿ ತೆಗೆದು, ಇದನ್ನು ಕಟ್ಟಿಸಿದ ಆರನೇ ಚಾರ್ಲ್ಸ್ ಚಕ್ರವರ್ತಿಯ ಚಿತ್ರಕ್ಕೆ ವಂದಿಸುತ್ತಾರೆ. ಮೈಸೂರು ಅರಮನೆ ನೋಡಿ ಬೆಳೆದ ನಾನೂ ಬಾಯಿ ಬಿಟ್ಟುಕೊಂಡು ನಿಂತೆ.

ಟಿಕೆಟ್ ಕೊಂಡದ್ದು ಪ್ರದರ್ಶನಕ್ಕಲ್ಲ, ಬೆಳಗಿನ ಅಭ್ಯಾಸಕ್ಕೆ. ಒಬ್ಬ ಸವಾರ ನೆಲದ ಮೇಲೇ ನಿಂತು, ಲಿಪಿಜಾನರ್ ತಳಿಯ ಬಿಳಿ ಕುದುರೆಗೆ ನಿಂತಲ್ಲೇ ಹೆಜ್ಜೆ ಹಾಕುವುದನ್ನು ಕಲಿಸುತ್ತಿದ್ದ. ಒಂದೆರಡು ಹೆಜ್ಜೆ ತಪ್ಪಿದವು. ಗದರಲಿಲ್ಲ, ಕಾದ. ಆಮೇಲೆ ನಾಲ್ಕು ಹೆಜ್ಜೆ ಲಯಕ್ಕೆ ಬಿದ್ದವು; ತಕ್ಷಣ ಲಗಾಮು ಸಡಿಲವಾಯಿತು. ಸವಾರನ ಕೈ ಕೋಟಿನ ಬಾಲಕ್ಕೆ ಹೋಯಿತು. ಅಲ್ಲೊಂದು ಜೇಬು, ಅದರಲ್ಲಿ ಸಕ್ಕರೆ ಅಚ್ಚು. ಕುದುರೆ ಆಗಲೇ ಕತ್ತು ಹೊರಳಿಸಿ ತುಟಿ ಮುಂದೆ ಮಾಡಿತ್ತು! ಇನ್ನೊಂದಿಷ್ಟು ಮಾಡಿಸಬಾರದೇ ಎಂದು ನನ್ನ ಆಸೆ. ಆದರೆ ಬಿಡಬೇಕಾದ ಗಳಿಗೆಯಲ್ಲಿ ಬಿಡದಿದ್ದರೆ, ತಾನು ಮಾಡಿದ್ದು ಸರಿಯೆಂದು ಕುದುರೆಗೆ ತಿಳಿಯುವುದಾದರೂ ಹೇಗೆ?

ಹೊಡೆದು ಬಡಿದು ಕುಣಿಸಿದ ಕುದುರೆಯಲ್ಲಿ ಚೆಲುವಿರದೆಂದು ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಬರೆದಿದ್ದ. ಇಲ್ಲಿಯವರು ಅದೇ ದಾರಿಯವರು, ಅವಸರವಿಲ್ಲ. ಹುಟ್ಟುವಾಗ ಕಪ್ಪಗೋ ಕಂದಾಗಿಯೋ ಇರುವ ಮರಿ ಬೆಳ್ಳಗಾಗಲು ವರ್ಷಗಳೇ ಬೇಕು. ವಿದ್ಯೆ ಹತ್ತಲೂ ಅಷ್ಟೇ. ಮೊದಲು ನೆಟ್ಟಗೆ ನಡೆಯುವುದು, ಆಮೇಲೆ ತಿರುವು. ಗಾಳಿಗೆ ನೆಗೆದು ಹಿಂಗಾಲು ಝಾಡಿಸುವ ಕಾಪ್ರಿಯೋಲ್ ಎಲ್ಲ ಕುದುರೆಗೂ ಇಲ್ಲ, ನೆಗೆಯುವ ಹುರುಪು ಇರುವುದಕ್ಕೆ ಮಾತ್ರ.

ನಾನು ದಂಗಾದದ್ದು ಮಾತ್ರ ಇನ್ನೊಂದಕ್ಕೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ (ಹುಡುಗಿಯರಿಗೆ ಬಾಗಿಲು ತೆರೆದದ್ದು 2008ರಲ್ಲಿ, ಅದೇನು ನಿಧಾನವೋ!) ಪಾಠ ಹೇಳುವುದು ಪಳಗಿದ ಹಿರಿಯ ಕುದುರೆ. ಕೈಗೆ ಲಗಾಮಿಲ್ಲ, ಕಾಲಿಗೆ ರಿಕಾಪಿಲ್ಲ. ಸುಮ್ಮನೆ ಕೂರುವುದನ್ನೇ ತಿಂಗಳುಗಟ್ಟಲೆ ಕಲಿಯಬೇಕು. ಸವಾರ ತಪ್ಪಾಗಿ ಕೇಳಿದರೆ ಹಿರಿಯ ಕುದುರೆ ಮಾಡುವುದಿಲ್ಲ, ಸರಿಯಾಗಿ ಕೇಳಿದರೆ ಮಾಡುತ್ತದೆ. ಹೀಗೆ ಕುದುರೆಯಿಂದ ಕಲಿತವರೇ ಮುಂದೆ ಎಳೆಯ ಕುದುರೆಗೆ ಕಲಿಸುವವರು.

ನಿವೃತ್ತರಾದ ಈ ಮೇಷ್ಟ್ರುಗಳು ತಾವು ಹುಟ್ಟಿದ ಪೀಬರ್ ಎಂಬ ಹಳ್ಳಿಗೆ ಮರಳುತ್ತಾರಂತೆ. ಅಲ್ಲಿಗೆ ಹೋಗಲು ಗ್ರಾಜ್ ಕಡೆಯ ರೈಲು ಎಷ್ಟು ಹೊತ್ತಿಗೆಂದು ಆಗಲೇ ವಿಚಾರಿಸಿದೆ. ಕರಿ ಮರಿಗಳನ್ನೂ ನೋಡಬೇಕಿತ್ತು.