ಆಕಾಶವೋ, ಅಪ್ಪನ ಮುಖವೋ?

ನಮ್ಮ ಕೂಟದ ಯಾರ ಮನೆಗೆ ಹೋದರೂ ಯೊಸೆಮಿಟಿಯ ಫೋಟೋ ಒಂದಾದರೂ ಸಿಕ್ಕೇ ಸಿಗುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ಮೊದಲು ಲಿವರ್‌ಮೋರ್ ದೇವಸ್ಥಾನ, ಆಮೇಲೆ ಗೋಲ್ಡನ್ ಗೇಟ್ ಸೇತುವೆ, ಮೂರನೆಯದು ಯೊಸೆಮಿಟಿ. ಈ ತೀರ್ಥಯಾತ್ರೆಯ ಕ್ರಮವನ್ನು ಯಾರು ಹಾಕಿಕೊಟ್ಟರೋ, ಎಲ್ಲರೂ ತಪ್ಪದೆ ಪಾಲಿಸುತ್ತೇವೆ. ಡಬ್ಬಿಯಲ್ಲಿ ಪುಳಿಯೋಗರೆ, ಥರ್ಮಾಸಿನಲ್ಲಿ ಕಾಫಿ, ಟನಲ್ ವ್ಯೂ ಎಂಬಲ್ಲಿ ಹಿರಿಯರನ್ನು ಸಾಲಾಗಿ ನಿಲ್ಲಿಸಿ ಒಂದು ಫೋಟೋ. ಅದನ್ನು ಊರಿಗೆ ಕಳಿಸಿದರೆ ಅಲ್ಲಿಂದ ಬರುವ ಮಾತು ಹೆಚ್ಚುಕಡಿಮೆ ಎಲ್ಲ ಮನೆಗಳದ್ದೂ ಒಂದೇ: "ಬೆಟ್ಟ ಬಹಳ ಚೆನ್ನಾಗಿದೆ ಕಣ್ರೋ, ಮುಂದೆ ಕಪ್ಪಗೆ ನಿಂತಿರೋರು ಯಾರು?"

ನಮ್ಮ ಕಣ್ಣಿಗೆ ಬೆಟ್ಟವೂ ಮುಖವೂ ಚೆನ್ನಾಗಿಯೇ ಕಂಡಿತ್ತಲ್ಲ, ಫೋಟೋದಲ್ಲೇಕೆ ಹೀಗೆ ಎಂದು ಕೇಳಬಹುದು. ಕಣ್ಣು ಆಕಾಶವನ್ನು ನೋಡುವಾಗ ಅದರ ಪಾಪೆ ಕಿರಿದಾಗುತ್ತದೆ, ಮರದ ನೆರಳಿಗೆ ತಿರುಗಿದಾಗ ಅಗಲವಾಗುತ್ತದೆ. ಮಿದುಳು ಈ ತುಣುಕುಗಳನ್ನೆಲ್ಲ ಕೌದಿಯಂತೆ ಹೊಲಿದು ಒಂದೇ ನೋಟವಾಗಿ ಕೊಡುತ್ತದೆ. ಕ್ಯಾಮೆರಾಕ್ಕೆ ಈ ಸೌಲಭ್ಯವಿಲ್ಲ. ಒಮ್ಮೆ ಬಾಗಿಲು ತೆರೆದರೆ ಇಡೀ ಚಿತ್ರಕ್ಕೂ ಅಷ್ಟೇ ಬೆಳಕು, ಅಷ್ಟೇ ಹೊತ್ತು.

ಫೋಟೋದವರು ಬೆಳಕನ್ನು ಸ್ಟಾಪ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ಎರಡರಷ್ಟು. 5 ಸ್ಟಾಪ್ ಎಂದರೆ 32 ಪಟ್ಟು, 10 ಸ್ಟಾಪ್ ಎಂದರೆ 1024 ಪಟ್ಟು. ಸ್ಲೈಡ್ ಫಿಲ್ಮಿಗೆ ಹಿಡಿಸುವುದು ಸುಮಾರು 5 ಸ್ಟಾಪ್. ನೆಗೆಟಿವ್ ಫಿಲ್ಮು ಇನ್ನಷ್ಟು ತಾಳಿಕೊಳ್ಳುತ್ತದೆ. ಇಂದಿನ ಒಳ್ಳೆಯ ಡಿಜಿಟಲ್ ಕ್ಯಾಮೆರಾಗಳು 12ರಿಂದ 14 ಸ್ಟಾಪ್‌ವರೆಗೂ ಹೋಗುತ್ತವೆ. ಹಾಗಿದ್ದರೂ ಎದುರು ಬಿಸಿಲಿನ ಆಕಾಶ, ಪೈನ್ ಮರದ ಕೆಳಗಿನ ನೆರಳು ಎರಡೂ ಒಂದೇ ಚೌಕಟ್ಟಿನಲ್ಲಿ ಬಂದರೆ ಹಿಗ್ಗಾಮುಗ್ಗಾ ಎಳೆದಾಟವೇ. ಅದರ ಮೇಲೆ ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಎದುರಿಗಿರುವುದು ಹಿಮವೋ ಎಮ್ಮೆಯೋ ಗೊತ್ತಾಗದು. ಎಲ್ಲವೂ ನಡುಬೂದು ಬಣ್ಣದ್ದೆಂದೇ ಅದರ ನಂಬಿಕೆ. ಆಕಾಶ ದೊಡ್ಡದಾಗಿ ತುಂಬಿಕೊಂಡರೆ ಅದನ್ನು ಬೂದು ಮಾಡಲು ಹೋಗಿ ಮುಂದೆ ನಿಂತವರ ಮುಖವನ್ನು ಮಸಿ ಮಾಡುತ್ತದೆ.

ಇಲ್ಲಿ ಒಂದು ಅಡಿಗೆಮನೆ ಸೂತ್ರ ನೆನಪಿಡಿ. ಸಾರಿಗೆ ಉಪ್ಪು ಕಡಿಮೆಯಾದರೆ ಆಮೇಲೆ ಹಾಕಬಹುದು, ಹೆಚ್ಚಾದರೆ ತೆಗೆಯಲಾಗದು. ಡಿಜಿಟಲ್ ಚಿತ್ರದಲ್ಲಿ ಬೆಳಕು ಉಪ್ಪಿದ್ದಂತೆ. ಕತ್ತಲಾದ ನೆರಳನ್ನು ಆಮೇಲೆ ಸ್ವಲ್ಪ ಮೇಲೆತ್ತಬಹುದು. ಪೂರ್ತಿ ಬೆಳ್ಳಗಾಗಿ ಹೋದ ಮೋಡವನ್ನು ಯಾವ ಕಂಪ್ಯೂಟರೂ ಮರಳಿ ತರಲಾರದು, ಅಲ್ಲಿ ದಾಖಲಾದದ್ದೇ ಏನೂ ಇಲ್ಲ. ನೆಗೆಟಿವ್ ಫಿಲ್ಮಿನದು ಇದಕ್ಕೆ ತಿರುಗಾಮುರುಗಾ: ಅಲ್ಲಿ ಮೊದಲು ನೆರಳನ್ನು ಉಳಿಸಬೇಕು.

ಯೊಸೆಮಿಟಿಯ ಹೆಸರು ಎತ್ತಿದ ಮೇಲೆ ಆನ್ಸೆಲ್ ಆಡಮ್ಸ್‌ರನ್ನು ಬಿಡುವಂತಿಲ್ಲ. 1940ರ ಸುಮಾರಿಗೆ ಅವರು ಫ್ರೆಡ್ ಆರ್ಚರ್ ಜೊತೆಗೂಡಿ, ಕಡುಕಪ್ಪಿನಿಂದ ಅಚ್ಚಬಿಳಿಯವರೆಗೆ ಬೆಳಕನ್ನು ಮೆಟ್ಟಿಲುಮೆಟ್ಟಿಲಾಗಿ ವಿಂಗಡಿಸುವ ಜೋನ್ ಪದ್ಧತಿಯನ್ನು ರೂಪಿಸಿದರು. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಹೋಗುತ್ತಿದ್ದಾಗ, ಮೇಲೆ ಚಂದ್ರ, ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕೊನೆಯ ಬೆಳಕು ಕಂಡಿತು. ಅವಸರದಲ್ಲಿ ಬೆಳಕಿನ ಮಾಪಕ ಕೈಗೆ ಸಿಗಲಿಲ್ಲ. ಆದರೆ ಚಂದ್ರನ ಪ್ರಕಾಶ ಚದರಡಿಗೆ 250 ಕ್ಯಾಂಡಲ್ ಎಂಬುದು ಬಾಯಿಪಾಠವಾಗಿತ್ತು. ಆ ಒಂದು ಸಂಖ್ಯೆಯಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿಯೇಬಿಟ್ಟಿತು. ಆ ನೆಗೆಟಿವಿನಲ್ಲಿ ಕೆಳಭಾಗ ತೆಳುವಾಗಿತ್ತು. ವರ್ಷಗಳ ನಂತರ ಅದನ್ನು ರಾಸಾಯನಿಕದಿಂದ ಗಟ್ಟಿ ಮಾಡಿದರು. ಮುದ್ರಿಸುವಾಗ ಆಕಾಶಕ್ಕೆ ಹೆಚ್ಚು ಬೆಳಕು ಕೊಟ್ಟು ಕಪ್ಪಾಗಿಸುತ್ತ ಬಂದರು. ಅಂಥವರಿಗೂ ಆಕಾಶ ಭೂಮಿ ಒಂದೇ ಏಟಿಗೆ ಸಿಗಲಿಲ್ಲ ಎಂದರೆ ನಮ್ಮದೇನು ಮಹಾ!

ಇನ್ನು ಟನಲ್ ವ್ಯೂ ವಿಚಾರ. ಅಲ್ಲಿ ನಿಂತವರು ನೋಡುವುದು ಪೂರ್ವಕ್ಕೆ. ಎಡಕ್ಕೆ ಎಲ್ ಕ್ಯಾಪಿಟಾನ್, ಬಲಕ್ಕೆ ಬ್ರೈಡಲ್‌ವೇಲ್ ಜಲಪಾತ, ದೂರದಲ್ಲಿ ಹಾಫ್ ಡೋಮ್. ಬೆಳಿಗ್ಗೆ ಹೋದರೆ ಸೂರ್ಯ ಬೆಟ್ಟಗಳ ಹಿಂದಿನಿಂದ ನೇರ ನಮ್ಮ ಕಣ್ಣಿಗೇ ಬರುತ್ತಾನೆ, ಕಣಿವೆ ಮಂಕು, ಬೆನ್ನು ತಿರುಗಿಸಿ ನಿಂತ ನೆಂಟರ ಮುಖ ಅದಕ್ಕಿಂತ ಮಂಕು. ಮಧ್ಯಾಹ್ನ ಇಳಿದ ಮೇಲೆ ಹೋದರೆ ಅದೇ ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಬಂಡೆಗಳಿಗೂ ಮುಖಗಳಿಗೂ ಒಟ್ಟಿಗೆ ಬೆಳಕು ಹಾಕುತ್ತಾನೆ. ಕಾಸು ಖರ್ಚಿಲ್ಲದ ಉಪಾಯ. ಬಿಸಿಲಿಗೆ ಹಿರಿಯರು ಕಣ್ಣು ಕಿರಿದು ಮಾಡಿದರೆ, ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಎರಡು ಮೂರು ಎಂದೊಡನೆ ತೆರೆಯಲು ಹೇಳಿ.

ಬರೀ ಬೆಟ್ಟ ಆಕಾಶ ತೆಗೆಯುವವರಿಗೆ, ಮೇಲರ್ಧ ಕಪ್ಪಾಗಿ ಕೆಳಗೆ ತಿಳಿಯಾಗುತ್ತ ಹೋಗುವ ಗಾಜಿನ ಫಿಲ್ಟರು ಸಿಗುತ್ತದೆ. 2 ಅಥವಾ 3 ಸ್ಟಾಪಿನದು ಸಾಕು. ಸಮುದ್ರದಂಥ ನೇರ ದಿಗಂತಕ್ಕೆ ಗೆರೆ ಹೊಡೆದಂತಿರುವುದು, ಬೆಟ್ಟಗಳಿಗೆ ನಿಧಾನವಾಗಿ ಮಾಸುವಂಥದ್ದು. ಪೋಲರೈಸರ್ ಫಿಲ್ಟರಾದರೆ ಸೂರ್ಯನಿಗೆ ಅಡ್ಡಲಾಗಿ, ಅಂದರೆ 90 ಡಿಗ್ರಿ ಕೋನದಲ್ಲಿರುವ ಆಕಾಶವನ್ನು ಹೆಚ್ಚು ನೀಲಿಯಾಗಿಸುತ್ತದೆ. ಕ್ಯಾಮೆರಾ ಸ್ಟ್ಯಾಂಡ್ ಇದ್ದವರು ಆಕಾಶಕ್ಕೊಂದು, ನೆರಳಿಗೊಂದು ಚಿತ್ರ ತೆಗೆದು ಆಮೇಲೆ ಸೇರಿಸಬಹುದು. ಇಂದಿನ ಫೋನುಗಳು ಇದೇ ಕೆಲಸವನ್ನು ನಮಗೆ ಹೇಳದೆಯೇ ಮಾಡಿ ಮುಗಿಸುತ್ತವೆ.

ಜನ ಇದ್ದರೆ ದಾರಿ ಬೇರೆ. 5-6 ಅಡಿ ದೂರದಲ್ಲಿ ನಿಲ್ಲಿಸಿ, ಹಗಲಾದರೂ ಫ್ಲಾಷ್ ಹಾಕಿ. "ಇಷ್ಟು ಬಿಸಿಲಲ್ಲಿ ದೀಪ ಯಾಕೋ" ಎಂದು ಮಾವನವರು ನಕ್ಕರೆ ನಗಲಿ. ಫ್ಲಾಷ್ ಇಲ್ಲವೇ, ಅವರ ಬಿಳಿ ಪಂಚೆಯನ್ನೇ ಇಬ್ಬರು ಹಿಡಿದುಕೊಂಡು ಬಿಸಿಲನ್ನು ಮುಖದ ಕಡೆ ತಿರುಗಿಸಿ. ಅಂಚು ಜರಿಯದಾದರೆ ಇನ್ನೂ ಲಕ್ಷಣ! ಫೋನಾದರೆ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ, ಅದು ಮುಖಕ್ಕೆ ತಕ್ಕಂತೆ ಬೆಳಕು ಹೊಂದಿಸಿಕೊಳ್ಳುತ್ತದೆ. ಬೆಳಕು ಸಾಲದಿದ್ದರೆ ಮತ್ತಷ್ಟು ಏರಿಸುವ ಸೌಲಭ್ಯ ಹೆಚ್ಚಿನ ಫೋನುಗಳಲ್ಲಿದೆ.

ಇವು ಯಾವುವೂ ಒದಗದ ಗಳಿಗೆಯೂ ಬರುತ್ತದೆ. ಆಗ ಒಂದನ್ನು ಬಿಡಲೇಬೇಕು. 2006ರ ಜೂನ್‌ನಲ್ಲಿ ನಮ್ಮ ಅಪ್ಪ ಯೊಸೆಮಿಟಿಯಲ್ಲಿ ನಡೆದು ದಣಿದು, ಮರದ ನೆರಳಿನಲ್ಲಿ ಬಂಡೆಯ ಮೇಲೆ ಕುಳಿತಿದ್ದರು. ಬೇಸಿಗೆಯಲ್ಲೂ ಮಂಕಿ ಟೋಪಿ. ಹಿಂದೆ ಹಾಫ್ ಡೋಮ್. ನಾವು ಮುಖಕ್ಕೆ ಬೆಳಕು ಅಳೆದು ತೆಗೆದೆವು. ಮುಖ ಬಂತು, ಆಕಾಶವೂ ಬೆಟ್ಟವೂ ಸುಣ್ಣ ಬಳಿದಂತೆ ಬೆಳ್ಳಗಾದವು. "ಯೊಸೆಮಿಟಿಗೆ ಹೋಗಿ ಹಾಫ್ ಡೋಮ್ ಇಲ್ಲದ ಫೋಟೋನಾ" ಎಂದು ಮಕ್ಕಳು ಮುಖ ಸಣ್ಣದು ಮಾಡಿದರು.

ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡಾಗ ಹಾಸನದ ಮನೆಯಲ್ಲಿ ವೈಕುಂಠ ಸಮಾರಾಧನೆಗೆ ಮುಂಚೆ ಚೌಕಟ್ಟು ಹಾಕಿಸಲು ಒಂದು ಫೋಟೋ ಬೇಕಾಯಿತು. ಆಲ್ಬಮ್‌ಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆವು. ಮದುವೆಯ ಗುಂಪು ಫೋಟೋಗಳಲ್ಲಿ ಅಪ್ಪ ಮೂರನೆಯ ಸಾಲು. ಗುರುತಿನ ಚೀಟಿಯಲ್ಲಿ ಗಾಬರಿಬಿದ್ದ ಮುಖ. ಕೊನೆಗೆ ಅಮ್ಮ ಆರಿಸಿದ್ದು ಆ ಬಂಡೆಯ ಮೇಲಿನದನ್ನು. ಎಡಹುಬ್ಬಿನ ಹಳೆಯ ಗಾಯದ ಗುರುತು, ಅರ್ಧ ಬಂದ ನಗು ಎಲ್ಲ ಅದರಲ್ಲಿ ಇದ್ದವು. ಸ್ಟುಡಿಯೋದವನು ಮಂಕಿ ಟೋಪಿ ತೆಗೆದುಬಿಡಲೇ ಎಂದು ಕೇಳಿದ. ಅಮ್ಮ ಬೇಡವೆಂದರು. ಹಿಂದಿನ ಬಿಳಿಯ ವಿಚಾರ ಯಾರೂ ಎತ್ತಲಿಲ್ಲ.

ಹಾಫ್ ಡೋಮಿನ ಚಿತ್ರ ಅಂಚೆ ಕಾರ್ಡಿನಲ್ಲಿ ಸಿಗುತ್ತದೆ, ನಮಗಿಂತ ಚೆನ್ನಾಗಿ ತೆಗೆದವರು ಸಾವಿರಾರು ಮಂದಿ. ನಮ್ಮವರ ಮುಖವನ್ನು ತೆಗೆಯುವವರು ನಾವೇ. ಈ ಬೇಸಿಗೆಗೆ ಊರಿನಿಂದ ಯಾರಾದರೂ ಬರುವವರಿದ್ದರೆ, ಟನಲ್ ವ್ಯೂಗೆ ಮಧ್ಯಾಹ್ನ ಇಳಿದ ಮೇಲೆ ಹೊರಡಿ. ಬೆಟ್ಟದ್ದೊಂದು ಬೇರೆ ತೆಗೆಯಿರಿ. ಆಮೇಲೆ ನಾಲ್ಕು ಹೆಜ್ಜೆ ಹತ್ತಿರ ಹೋಗಿ, ಮುಖದ್ದೊಂದು ಬೇರೆ ತೆಗೆಯಿರಿ. ಪಂಚೆ ಮರೆಯಬೇಡಿ.